ಕಸಮ್ ಪರೇಡ್‌ಗೆಂದು ವೆಲ್ಲಿಂಗ್ಟನ್‌ಗೆ

ರೈಲು ಮುನಿರಾಬಾದ್ ದಾಟುವಾಗ ನಮ್ಮ ಅತ್ತೆ ಕಿಟಕಿಯ ಕಡೆ ತಿರುಗಿ ಕತ್ತಲಲ್ಲೇ ಹುಲಿಗೆಮ್ಮನಿಗೆ ಕೈ ಮುಗಿದರು. ಮೊಮ್ಮಗ ಮಿಲಿಟರಿಗೆ ಸೇರಿದ್ದು ಅವರಿಗೆ ಪೂರ್ತಿ ಒಪ್ಪಿಗೆ ಇರಲಿಲ್ಲ. ಆದರೂ ಅವನು ತರಬೇತಿ ಮುಗಿಸಿ ಪ್ರಮಾಣ ಮಾಡುವ ಕಸಮ್ ಪರೇಡ್‌ಗೆ ಹೊರಡುವಾಗ ಎಲ್ಲರಿಗಿಂತ ಮೊದಲು ಚೀಲ ಕಟ್ಟಿದವರು ಅವರೇ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ಡಬ್ಬಿ ಶೇಂಗಾ ಉಂಡಿ. "ಅಲ್ಲಿ ಬರೇ ಅನ್ನ ತಿಂದು ಸೊರಗಿರ್ತಾನ" ಅನ್ನೋದು ಅವರ ವಾದ.

ಹೊರಟವರು ನಾನು, ಮನೆಯವರು, ಅತ್ತೆ ಮತ್ತು ಮಗಳು. ಮಗಳು ಪದವಿ ಮುಗಿಸಿ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ಜೊತೆ ಪ್ರವಾಸ ಹೋದರೆ ಒಂದು ತೊಂದರೆ ಇದೆ, ಕಂಡದ್ದಕ್ಕೆಲ್ಲ ಇಸವಿ ಹೇಳುತ್ತಾಳೆ.

ನಮ್ಮ ಕೊಪ್ಪಳ ಜಿಲ್ಲೆಗೆ ಸೇನೆಯ ನೇಮಕಾತಿ ಕಚೇರಿ ಬೆಳಗಾವಿಯದು. ಹಾಗಾಗಿ ಟ್ರೇನಿಂಗ್ ಕೂಡ ಬೆಳಗಾವಿಯಲ್ಲೇ ಇರುತ್ತೆ, ಬೇಕೆಂದಾಗ ಹೋಗಿ ಬರಬಹುದು ಅಂದುಕೊಂಡಿದ್ದೆವು. ಮಗನಿಗೆ ಸಿಕ್ಕಿದ್ದು ಮದ್ರಾಸ್ ರೆಜಿಮೆಂಟ್. ಅದರ ಕೇಂದ್ರ ಇರುವುದು ನೀಲಗಿರಿಯಲ್ಲಿ, ಕೂನೂರಿನ ಪಕ್ಕದ ವೆಲ್ಲಿಂಗ್ಟನ್‌ನಲ್ಲಿ. ಅವನು ಸೇರಿದ್ದು ಅಗ್ನಿವೀರನಾಗಿ, ಅಂದರೆ ನಾಲ್ಕು ವರ್ಷದ ನೇಮಕಾತಿ. ಅವರಿಗೆ 31 ವಾರ ತರಬೇತಿ. ಮೊದಲ 10 ವಾರ ಎಲ್ಲರಿಗೂ ಒಂದೇ, ಉಳಿದ 21 ವಾರ ಮುಂದಿನ ಹಂತದ್ದು. ಅಷ್ಟೂ ದಿನ ನಮಗೆ ಸಿಕ್ಕಿದ್ದು ಭಾನುವಾರದ ಫೋನ್ ಮಾತ್ರ. ಆ ಫೋನಿನಲ್ಲೂ ಅವನು "ಆರಾಮ ಅದೀನಿ" ಅನ್ನೋದು ಬಿಟ್ಟು ಬೇರೆ ಏನೂ ಹೇಳುತ್ತಿರಲಿಲ್ಲ. ಹಿಂದೆ ಗದ್ದಲದಲ್ಲಿ ಇನ್ನೂ ಹತ್ತು ಹುಡುಗರು ತಮ್ಮ ತಮ್ಮ ಭಾಷೆಯಲ್ಲಿ ಅದನ್ನೇ ಹೇಳುತ್ತಿರುವುದು ಕೇಳಿಸುತ್ತಿತ್ತು.

ಹಂಪಿ ಎಕ್ಸ್‌ಪ್ರೆಸ್ ನಮ್ಮ ಕಡೆಯವರಿಗೆ ದೊಡ್ಡ ಉಪಕಾರ. ಕೊಪ್ಪಳದಲ್ಲಿ ರಾತ್ರಿ ಹತ್ತಿದರೆ ಹೊಸಪೇಟೆ, ಬಳ್ಳಾರಿ, ಗುಂತಕಲ್, ಬೆಂಗಳೂರು ಎಲ್ಲ ದಾಟಿ ಸೀದಾ ಮೈಸೂರು. ನಡುವೆ ಇಳಿಯುವ ತಲೆನೋವಿಲ್ಲ. ಬಳ್ಳಾರಿಯಲ್ಲಿ ಹತ್ತಿದ ಒಂದು ಕುಟುಂಬ ನಮ್ಮ ಬರ್ತ್ ಮೇಲೆ ಕೂತು, ಅದು ತಮ್ಮದೇ ಅಂತ ಗುಂತಕಲ್‌ವರೆಗೂ ವಾದ ಮಾಡಿತು. ಆಮೇಲೆ ನೋಡಿದರೆ ಅವರದು ಬೇರೆ ಬೋಗಿ. ರಾತ್ರಿ ಹಾಗೇ ಕಳೆಯಿತು.

ಮೈಸೂರಿನಲ್ಲಿ ಊಟಿ ಬಸ್ ಹತ್ತಿದಾಗ ಅತ್ತೆ ರೂಢಿಯಂತೆ ಆಧಾರ್ ಕಾರ್ಡ್ ತೆಗೆದು ಹಿಡಿದರು. ಇದು ತಮಿಳುನಾಡಿಗೆ ಹೋಗುವ ಬಸ್ಸು, ಶಕ್ತಿ ಯೋಜನೆ ನಡೆಯಲ್ಲ ಅಂತ ಕಂಡಕ್ಟರ್ ಹೇಳಿದ. "ಬಸ್ಸು ನಮ್ಮದಲ್ಲೇನಪಾ?" ಎಂದು ಅತ್ತೆ ಕೇಳಿದರು. ಬಸ್ಸು ನಮ್ಮದೇ, ಊರು ಅವರದು ಅಂದ. ಟಿಕೆಟ್ ತಗೊಂಡೆವು. ಗುಂಡ್ಲುಪೇಟೆ ಆದಮೇಲೆ ಬಂಡೀಪುರದ ಕಾಡು ಶುರುವಾಗುತ್ತದೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಈ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ, ಪ್ರಾಣಿಗಳ ಸಲುವಾಗಿ. ನಮಗೆ ಕಂಡಿದ್ದು ಜಿಂಕೆ, ನವಿಲು, ಮತ್ತೆ ಪೊದೆಯ ಹಿಂದೆ ಒಂದು ಆನೆಯ ಬೆನ್ನು ಮಾತ್ರ.

ಗಡಿಯ ಚೆಕ್‌ಪೋಸ್ಟ್‌ನಲ್ಲಿ ಬಸ್ ನಿಲ್ಲಿಸಿ ಪ್ಲಾಸ್ಟಿಕ್ ಬಾಟಲಿ ಹುಡುಕಿದರು. ನೀಲಗಿರಿಯಲ್ಲಿ ಅವು ನಿಷೇಧ. ನಮ್ಮ ನೀರಿನ ಬಾಟಲಿಗಳೆಲ್ಲ ಅಲ್ಲೇ ಹೋದವು. ಅತ್ತೆಯ ಹಿತ್ತಾಳೆ ತಂಬಿಗೆ ಮಾತ್ರ ಉಳಿಯಿತು. ಊಟಿಯವರೆಗೆ ನಾಲ್ಕೂ ಜನ ಅದರಲ್ಲೇ ನೀರು ಕುಡಿದೆವು. "ಹಳೇ ಸಾಮಾನು ಒಗಿಬ್ಯಾಡ್ರಿ ಅಂತೀನಲ್ಲ" ಎಂದು ಅವರು ಸುಮ್ಮನಿರದೆ ಹೇಳಿದ್ದೇ ಹೇಳಿದ್ದು.

ಗೂಡಲೂರಿನಿಂದ ಬಸ್ಸು ಬೆಟ್ಟ ಹತ್ತತೊಡಗಿತು. ಕಿವಿ ಗುಂಯ್ ಅಂತು. ಡಿಸೆಂಬರ್ ಅಂದರೆ ನಮ್ಮೂರಲ್ಲೂ ಚಳಿ ಇರುತ್ತೆ, ಒಂದು ಶಾಲು ಸಾಕು ಅಂದುಕೊಂಡು ಹೋಗಿದ್ದೆವು. ಊಟಿ ಸಮುದ್ರಮಟ್ಟದಿಂದ 2,240 ಮೀಟರ್ ಮೇಲಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಮನೆಯವರು ಮಾಡಿದ ಮೊದಲ ಕೆಲಸ ಅತ್ತೆಗೆ ಸ್ವೆಟರ್, ಕಿವಿ ಮುಚ್ಚುವ ಟೋಪಿ ಕೊಂಡದ್ದು. ಇಳಕಲ್ ಸೀರೆಯ ಮೇಲೆ ಗುಲಾಬಿ ಬಣ್ಣದ ಟೋಪಿ. ಮಗಳು ಫೋಟೊ ತೆಗೆದಿದ್ದಾಳೆ, ಯಾರಿಗೂ ಕಳಿಸಬಾರದು ಅಂತ ಅತ್ತೆಯ ಆಣೆ ಇದೆ.

ರಾತ್ರಿ ಕೂನೂರಿನಲ್ಲಿ ತಂಗಿದೆವು. ಲಾಡ್ಜ್ ಎದುರು ಕ್ಯಾರೆಟ್ ಮಾರುವ, ನೀಲಗಿರಿಯ ಬಡಗ ಸಮುದಾಯದ ಹೆಂಗಸೊಬ್ಬಳು ಕೂತಿದ್ದಳು. ಬಡಗರ ಮಾತು ನಮ್ಮ ಕನ್ನಡಕ್ಕೆ ತೀರಾ ಹತ್ತಿರದ್ದು. ಅತ್ತೆ ಆಕೆಯ ಪಕ್ಕ ಕೂತು ನಮ್ಮ ಕೊಪ್ಪಳದ ಮಾತಿನಲ್ಲೇ ಶುರು ಹಚ್ಚಿದರು. ಅರ್ಧ ಮಾತು ತಿಳಿಯುತ್ತಿತ್ತು, ಉಳಿದರ್ಧ ಇಬ್ಬರೂ ತಮಗೆ ಬೇಕಾದಂತೆ ತಿಳಿದುಕೊಳ್ಳುತ್ತಿದ್ದರು. ಮೊಮ್ಮಕ್ಕಳ ಮದುವೆ, ಮಂಡಿನೋವು, ಮಳೆ ಎಲ್ಲ ಬಂದು ಹೋಯಿತು.

ವೆಲ್ಲಿಂಗ್ಟನ್ ಅನ್ನೋ ಬೋರ್ಡ್ ಕಂಡದ್ದೇ ಮಗಳು ಶುರು ಮಾಡಿದಳು. ಊರಿಗೆ ಹೆಸರು ಬಂದಿದ್ದು ಡ್ಯೂಕ್ ಆಫ್ ವೆಲ್ಲಿಂಗ್ಟನ್‌ನಿಂದ, ಅಂದರೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದವನು ಅವನೇ. ಮರುವರ್ಷ ಬ್ರಿಟಿಷರ ವಿರುದ್ಧ ಬಂಡೆದ್ದಿದ್ದ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಕೃಷ್ಣೆ ತುಂಗಭದ್ರೆಯ ನಡುವಿನ ನಮ್ಮ ಸೀಮೆಗೇ ಬಂದಿದ್ದ. 1800ರ ಸೆಪ್ಟೆಂಬರ್‌ನಲ್ಲಿ ಧೋಂಡಿಯಾ ಸತ್ತಿದ್ದು ಅಲ್ಲೇ. 1803ರಲ್ಲಿ ಮರಾಠರ ವಿರುದ್ಧ ಅಸಾಯೆ ಯುದ್ಧ ಗೆದ್ದವನೂ ಅವನೇ. ಆ ಯುದ್ಧದ ನೆನಪಿನ ಆನೆಯೇ ಮದ್ರಾಸ್ ರೆಜಿಮೆಂಟಿನ ಲಾಂಛನ. "ನಮ್ಮ ಸೀಮಿಗೆ ಬಂದಿದ್ದನಾ? ಮತ್ತ ಇಲ್ಲ್ಯಾಕ ಅವನ ಹೆಸರು ಇಟ್ಟಾರ?" ಅಂದರು ಅತ್ತೆ. ಮಗಳ ಹತ್ತಿರ ಅದಕ್ಕೆ ಇಸವಿ ಇರಲಿಲ್ಲ.

ಗೇಟಿನಲ್ಲಿ ಆಧಾರ್ ನೋಡಿದರು, ಚೀಲ ತಪಾಸಣೆ ಮಾಡಿದರು. ರೊಟ್ಟಿ ಗಂಟನ್ನು ಬಿಚ್ಚಿದ ಜವಾನ ಅದನ್ನು ಬೆರಳಿಂದ ಒಮ್ಮೆ ಟಕ್ ಅಂತ ಬಡಿದು ನೋಡಿ, ನಕ್ಕು ಕಟ್ಟಿಕೊಟ್ಟ. ಕೇಂದ್ರ ಇರುವುದು ಶ್ರೀನಾಗೇಶ್ ಬ್ಯಾರಕ್ಸ್‌ನಲ್ಲಿ. ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಶ್ರೀನಾಗೇಶ್ ಆಮೇಲೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿದ್ದರಂತೆ. ಇದೂ ಮಗಳದ್ದೇ.

ಒಳಗೆ ಹೋದಮೇಲೆ ನಡೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗನ ಕಾಗದಪತ್ರಗಳಿಗೆ ನಾನು ಎಷ್ಟು ಕಚೇರಿ ಅಲೆದಿದ್ದೇನೋ ನನಗೇ ಗೊತ್ತು. ಜಾತಿ ಪ್ರಮಾಣಪತ್ರ, ವಾಸಸ್ಥಳ ಪ್ರಮಾಣಪತ್ರ, ನಡತೆ ಪ್ರಮಾಣಪತ್ರ. ಒಂದು ಕಚೇರಿಯಲ್ಲಿ ಬೆಳಗ್ಗೆ ಹೋದವಳನ್ನು ಸಂಜೆವರೆಗೆ ಬಾಗಿಲ ಹೊರಗೆ ನಿಲ್ಲಿಸಿ, "ಸಾಹೇಬ್ರು ಹೋದ್ರು" ಅಂದಿದ್ದರು. ನಾನು ಅಂಗನವಾಡಿ ಕಾರ್ಯಕರ್ತೆ. ನಿಂತು ಕಾಯುವುದು ನನಗೆ ಹೊಸದೇನಲ್ಲ. ಇಲ್ಲಿ ಒಬ್ಬ ಹವಾಲ್ದಾರ್ ಓಡಿ ಬಂದು ಅತ್ತೆಯ ತೋಳು ಹಿಡಿದು "ಅಮ್ಮಾ, ವಾಂಗೋ" ಅಂತ ಕರೆದುಕೊಂಡು ಹೋದ. ಮುಂದಿನ ಸಾಲು. ಬಿಳಿ ಬಟ್ಟೆ ಹೊದಿಸಿದ ಕುರ್ಚಿ. ಅತ್ತೆ ಕೂರಲಿಲ್ಲ. ಇದು ದೊಡ್ಡವರದು, ಹಿಂದೆ ಹೋಗೋಣ ಅಂತ ನನ್ನ ಸೆರಗು ಎಳೆದರು. ಆತ ಮತ್ತೆ ಬಂದು ಅವರನ್ನು ಭುಜ ಹಿಡಿದು ಕೂರಿಸಿದ, ಕೈಗೆ ಬಿಸಿ ಚಹಾ ಕೊಟ್ಟ. ಆ ಕುರ್ಚಿಯ ತುದಿಯಲ್ಲೇ ಅತ್ತೆ ಕೂತಿದ್ದರು, ಪೂರ್ತಿ ಒರಗಲೇ ಇಲ್ಲ. ನಾನು ಮಾತ್ರ ಚೆನ್ನಾಗಿ ಒರಗಿ ಕೂತೆ. ಸುಳ್ಳು ಯಾಕೆ ಹೇಳಲಿ, ಪರೇಡ್ ಶುರುವಾಗುವ ಮೊದಲೇ ನನಗೆ ಕಣ್ಣು ತುಂಬಿದ್ದು ಆ ಕುರ್ಚಿಗೆ.

ಬ್ಯಾಂಡ್ ಬಾರಿಸಿತು. ಹುಡುಗರು ಬಂದರು. ಎಲ್ಲರಿಗೂ ಒಂದೇ ಟೋಪಿ, ಒಂದೇ ಕಪ್ಪು ಕುಚ್ಚು, ಒಂದೇ ಅಳತೆಯ ಹೆಜ್ಜೆ. ಸಾವಿರ ಮಕ್ಕಳ ತೂಕ, ಎತ್ತರ ಅಳೆದ ಕಣ್ಣು ನನ್ನದು. ನನ್ನ ಮಗ ಯಾರು ಅಂತ ಗೊತ್ತಾಗಲಿಲ್ಲ. ಮನೆಯವರು "ಮೂರನೇ ಸಾಲು" ಅಂದರು, ಮಗಳು "ಅಲ್ಲಪ್ಪಾ, ಆ ಕಡೆ" ಅಂದಳು. ಅತ್ತೆಗೆ ಮಾತ್ರ ಅನುಮಾನವೇ ಇರಲಿಲ್ಲ. ಎಡಗಡೆಯ ಒಬ್ಬನನ್ನು ತೋರಿಸಿ "ಅಂವನ, ನಡಿಗಿ ನೋಡು, ಅವರ ಮುತ್ಯಾನ ನಡಿಗಿ" ಎಂದು ಕಣ್ಣೊರೆಸಿಕೊಂಡರು. ಇಡೀ ಪರೇಡ್ ಅವನನ್ನೇ ನೋಡಿ ದೃಷ್ಟಿ ತೆಗೆದರು. ಆಮೇಲೆ ತಿಳಿಯಿತು, ಅವನು ಪಾಲಕ್ಕಾಡ್ ಕಡೆಯ ಹುಡುಗ. ನಮ್ಮವನು ಬಲಗಡೆ ಕೊನೆಯ ಸಾಲಿನಲ್ಲಿದ್ದ.

ಧರ್ಮಗುರುಗಳು ಧರ್ಮಗ್ರಂಥಗಳೊಂದಿಗೆ ಬಂದರು, ರಾಷ್ಟ್ರಧ್ವಜ ಬಂತು. ಹುಡುಗರು ಹಿಂದಿಯಲ್ಲಿ ಪ್ರಮಾಣ ಮಾಡಿದರು. ನೆಲ, ನೀರು, ಆಕಾಶ ಯಾವ ದಾರಿಯಲ್ಲಿ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಪ್ರಾಣ ಹೋಗುವ ಹಾಗಿದ್ದರೂ ಆಜ್ಞೆ ಪಾಲಿಸುತ್ತೇನೆ ಅನ್ನುವ ಪ್ರಮಾಣ ಅದು. ಮಗಳು ಪಕ್ಕದಲ್ಲಿ ಪಿಸುಗುಟ್ಟಿ ಹೇಳುತ್ತಿದ್ದಳು. "ಏನಂದ್ರು ಬೇ?" ಎಂದು ಅತ್ತೆ ನನ್ನನ್ನು ಕೇಳಿದರು. ದೇಶಕ್ಕೆ ಒಳ್ಳೇದಾಗಲಿ ಅಂತ ಬೇಡಿಕೊಂಡರು ಅಂದೆ. ಮಗಳು ನನ್ನ ಮುಖ ನೋಡಿ ಸುಮ್ಮನಾದಳು. ಕೊನೆಗೆ ಎಲ್ಲರೂ ಸೇರಿ "ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು" (ಅಡಿ ಅಂದರೆ ಹೊಡಿ) ಎಂದು ಕೂಗಿದಾಗ ಎದುರಿನ ಗುಡ್ಡಕ್ಕೆ ಬಡಿದು ದನಿ ವಾಪಸ್ ಬಂತು.

ಪರೇಡ್ ಮುಗಿದ ಮೇಲೆ ಮನೆಯವರನ್ನು ಭೇಟಿಯಾಗಲು ಬಿಟ್ಟರು. ಮಗನೇ ನಮ್ಮನ್ನು ಹುಡುಕಿಕೊಂಡು ಬಂದ. ಅಪ್ಪನಿಗೆ ಸೆಲ್ಯೂಟ್ ಹೊಡೆದ, ಅವರಿಗೆ ಏನು ಮಾಡಬೇಕೋ ತಿಳಿಯದೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದರು. ಅಜ್ಜಿಯ ಕಾಲಿಗೆ ಬಿದ್ದ. ನನ್ನ ಕೈ ಹಿಡಿದ. ಆಗಲೇ ಗೊತ್ತಾಗಿದ್ದು, ಅಂಗೈ ಬೇರೆಯಾಗಿತ್ತು. ಬೆರಳಿನ ಬುಡದಲ್ಲಿ ನಾಲ್ಕೂ ಕಡೆ ಜಡ್ಡುಗಟ್ಟಿತ್ತು. ಹಗ್ಗ ಹತ್ತಿ ಹತ್ತಿ ಹಾಗಾಗಿದೆ ಅಂದ. ಸೊರಗಿರಲಿಲ್ಲ, ಹೋದಾಗಿನಕ್ಕಿಂತ ತೂಕ ಜಾಸ್ತಿಯೇ ಆಗಿತ್ತು. ಭುಜ ಅಗಲವಾಗಿತ್ತು. ಎಡ ಮೊಣಕೈಯಲ್ಲಿ ಹೊಸದೊಂದು ಕಲೆ. ಅದು ಏನು ಅಂತ ಕೇಳಿದರೆ ಮಾತು ತಿರುಗಿಸಿದ.

ಹುಲ್ಲಿನ ಮೇಲೆ ಕೂತು ರೊಟ್ಟಿ ಬಿಚ್ಚಿದೆವು. ಮನೆಯಲ್ಲಿ ಒಂದು ತಾಟಿನ ಮುಂದೆ ಮೊಬೈಲ್ ಹಿಡಿದು ಅರ್ಧ ಗಂಟೆ ಕೂರುತ್ತಿದ್ದವನು ನಾವು ನೋಡುನೋಡುತ್ತಲೇ ತಿಂದು ಮುಗಿಸಿದ. ಲಂಗರಿನಲ್ಲಿ, ಅಂದರೆ ಅವರ ಊಟದ ಮನೆಯಲ್ಲಿ, ಹೀಗೇ ತಿನ್ನಬೇಕಂತೆ, ಇಲ್ಲದಿದ್ದರೆ ತರಬೇತಿ ಕೊಡುವ ಉಸ್ತಾದ್ ರಗಡಾ ಅನ್ನೋ ಶಿಕ್ಷೆ ಕೊಡುತ್ತಾರಂತೆ. ತಿಂದಮೇಲೆ ಎದ್ದು ಎಲ್ಲರ ಕಾಗದ, ಡಬ್ಬಿ ಎತ್ತಿ ಚೊಕ್ಕ ಮಾಡಿದ. ಹೆತ್ತು ಸಾಕಿ ಅಷ್ಟು ವರ್ಷ ಹೇಳಿದರೂ ನನ್ನಿಂದ ಆಗದ್ದು ಇದು. ಖುಷಿಯೂ ಆಯಿತು, ಒಂಚೂರು ಹೊಟ್ಟೆಕಿಚ್ಚೂ ಆಯಿತು. ಪಾಲಕ್ಕಾಡಿನ ಹುಡುಗನನ್ನೂ ಕರೆದು ತಂದ. ಅವನ ಮನೆಯಿಂದ ಯಾರೂ ಬಂದಿರಲಿಲ್ಲ. ಅತ್ತೆ ಅವನಿಗೆ ಉಂಡಿ ಕೊಟ್ಟು, ನೀನೂ ನಮ್ಮ ಮೊಮ್ಮಗನೇ ಅಂತ ತಲೆ ಸವರಿದರು. ಮಗ ಅದನ್ನು ಮಲಯಾಳಂನಲ್ಲಿ ಹೇಳಿದ! ನಮಗೆ ಬಾಯಿ ಮುಚ್ಚಲಾಗಲಿಲ್ಲ.

ರಜೆ ಕೊಟ್ಟಿದ್ದರಿಂದ ಮಗನನ್ನು ಜೊತೆಗೇ ಕರೆದುಕೊಂಡು ಬಂದೆವು. ವೆಲ್ಲಿಂಗ್ಟನ್ ಸ್ಟೇಷನ್ನಿನಿಂದ ಊಟಿಗೆ ನೀಲಿ ಗುಡ್ಡಗಾಡು ರೈಲು ಹತ್ತಿದೆವು. 1908ರಲ್ಲಿ ಊಟಿ ಮುಟ್ಟಿದ್ದು, 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು, ಯಾರು ಹೇಳಿದರು ಅಂತ ಮತ್ತೆ ಹೇಳಬೇಕಿಲ್ಲ. ಅರುವಂಕಾಡು, ಕೇತ್ತಿ, ಲವ್‌ಡೇಲ್ ಎಲ್ಲ ಚಂದ. ಆದರೆ ಕೂತವನು ಎರಡನೇ ಸ್ಟೇಷನ್ ಬರುವ ಮೊದಲೇ ನಿದ್ದೆ ಹೋದ. ನಾವು ಕಣಿವೆ ನೋಡುವುದು ಬಿಟ್ಟು ಅವನನ್ನೇ ನೋಡಿಕೊಂಡು ಬಂದೆವು.

ಊರಿಗೆ ಬಂದ ಮೇಲೆ ಅಂಗನವಾಡಿಯಲ್ಲಿ ತೂಕ ಹಾಕುವ ದಿನ ತಾಯಂದಿರೆಲ್ಲ ಇದೇ ಮಾತು. ಒಬ್ಬಾಕೆ ಕೇಳಿದಳು: "ಟೀಚರ, ನಾಕು ವರ್ಷ ಆದಮ್ಯಾಲೆ ಏನ್ರೀ?" ನಾನು ಇದ್ದ ಲೆಕ್ಕ ಇದ್ದ ಹಾಗೇ ಹೇಳಿದೆ. ಮೊದಲ ವರ್ಷ ತಿಂಗಳಿಗೆ 30,000. ಅದರಲ್ಲಿ 9,000 ಸೇವಾ ನಿಧಿಗೆ ಹಿಡಿಯುತ್ತಾರೆ, ಕೈಗೆ ಬರೋದು 21,000. ಸರ್ಕಾರವೂ ನಿಧಿಗೆ ಅಷ್ಟೇ ಹಾಕುತ್ತದೆ. ನಾಲ್ಕು ವರ್ಷಕ್ಕೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ. ನೂರರಲ್ಲಿ ಹೆಚ್ಚೆಂದರೆ 25 ಹುಡುಗರನ್ನು ಕಾಯಂ ಉಳಿಸಿಕೊಳ್ಳುತ್ತಾರೆ, ಮಿಕ್ಕವರು ಮನೆಗೆ. ಇಪ್ಪತ್ತಮೂರು ಇಪ್ಪತ್ತನಾಲ್ಕನೇ ವಯಸ್ಸಿಗೆ ಮತ್ತೆ ಕೆಲಸ ಹುಡುಕಬೇಕು. ನನ್ನನ್ನು ಕೇಳಿದರೆ ಇದು ಸರಿಯಿಲ್ಲ. ಬಿಳಿ ಬಟ್ಟೆಯ ಕುರ್ಚಿಯಲ್ಲಿ ಕೂತು ಬಂದ ಮೇಲೂ ನನಗೆ ಸರಿಯಿಲ್ಲ ಅಂತಲೇ ಅನಿಸುತ್ತದೆ. ಮಗ ಮಾತ್ರ ಆ 25ರಲ್ಲಿ ನಾನಿರ್ತೀನಿ ಅಂತಾನೆ. ಅವನ ಬ್ಯಾರಕ್ಕಿನಲ್ಲಿ ಎಲ್ಲರೂ ಹಾಗೇ ಅಂತಾರಂತೆ.

ಆಕೆ ಎಲ್ಲ ಕೇಳಿಕೊಂಡಳು. ಆಮೇಲೆ ಹೊರಗೆ ನಿಂತಿದ್ದ ತನ್ನ ಹಿರಿ ಮಗನನ್ನು ಕರೆದು, "ಇವನ್ನ ಒಮ್ಮೆ ಅಳದು ನೋಡ್ರಿ" ಅಂದಳು. ಮಕ್ಕಳ ಎತ್ತರ ನೋಡುವ ಪಟ್ಟಿಗೆ ಬೆನ್ನು ಹಚ್ಚಿ ನಿಲ್ಲಿಸಿದೆ. ನಮ್ಮ ಕಡೆಯವರಿಗೆ 166 ಸೆಂಟಿಮೀಟರ್ ಬೇಕು. ಹುಡುಗ 164 ಇದ್ದ. ಹಿಮ್ಮಡಿ ಎತ್ತಿದ್ದ, ತುಳಿದು ಇಳಿಸಿದೆ, 163 ಆಯಿತು. ಇನ್ನೂ ಹದಿನಾರು ವರ್ಷ, ಬೆಳೆಯುತ್ತಾನೆ, ಆರು ತಿಂಗಳು ಬಿಟ್ಟು ಬಾ ಅಂದೆ. ಅಷ್ಟರೊಳಗೆ ಓಡುವುದಾದರೂ ಕಲಿಯಲಿ. 1.6 ಕಿಲೋಮೀಟರ್, ಪೂರ್ತಿ ಅಂಕ ಬೇಕೆಂದರೆ ಐದೂವರೆ ನಿಮಿಷದೊಳಗೆ. ಮರುದಿನ ಬೆಳಗ್ಗೆ ನಾಲ್ಕೂವರೆಗೇ ಮಗ ಅವನ ಮನೆ ಬಾಗಿಲು ಬಡಿದನಂತೆ.