ಕರೆಂಟಿನ ಗಾಡಿ: ಮೋಟರು ಗಟ್ಟಿ, ಮನೆಯ ಪ್ಲಗ್ಗು ಹೇಗಿದೆ?

ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯ ರಸ್ತೆಗಳಲ್ಲಿ ಸದ್ದಿಲ್ಲದ ರಿಕ್ಷಾ, ಸ್ಕೂಟರ್ ಈಗ ಹೊಸತಲ್ಲ. ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಮಾತ್ರ ಇನ್ನೂ ಅದೇ: “ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡ್ತದೆ?” ಅದಕ್ಕಿಂತ ಮೊದಲು ಕೇಳಬೇಕಾದದ್ದು, ಮನೆಗೆ ಹೋಗುವ ಏರು ಎಷ್ಟು ಕಡಿದು, ಗಾಡಿ ನಿಲ್ಲಿಸುವ ಕೊಟ್ಟಿಗೆಯ ತನಕ ಎಂಥ ವಯರ್ ಎಳೆದಿದೆ ಎಂಬುದು. ಈ ಗಾಡಿಗಳ ಸುಮಾರು ಒಂದೂವರೆ ಶತಮಾನದ ಕಥೆಯಲ್ಲಿ ಮೋಟರು ಕೈಕೊಟ್ಟದ್ದು ಬಹಳ ಕಡಿಮೆ. ತಕರಾರೆಲ್ಲ ಬ್ಯಾಟರಿಯದ್ದು, ಮತ್ತೆ ಅದಕ್ಕೆ ಕರೆಂಟು ಕೊಡುವ ಜಾಗದ್ದು.

ಚಾರ್ಜು ಮಾಡಿ ಮತ್ತೆ ಮತ್ತೆ ಬಳಸಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. 1881ರಲ್ಲಿ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಬೀದಿಯಲ್ಲಿ ಕರೆಂಟಿನ ಮೂರು ಚಕ್ರದ ಗಾಡಿ ಓಡಿಸಿದ. 1899ರಲ್ಲಿ ಬೆಲ್ಜಿಯಂನ ಕಾಮಿಲ್ ಜೆನಾಟ್ಸಿ ಗಂಟೆಗೆ 100 ಕಿಲೋಮೀಟರ್ ವೇಗವನ್ನು ದಾಟಿದ. ರಸ್ತೆಯ ಮೇಲಿನ ಗಾಡಿಗಳಲ್ಲಿ ಆ ಗೆರೆ ಮೊದಲು ದಾಟಿದ್ದು ಪೆಟ್ರೋಲಿನದ್ದಲ್ಲ, ಬ್ಯಾಟರಿಯದ್ದು. 1900ರ ಸುಮಾರಿಗೆ ಅಮೆರಿಕದ ಕಾರುಗಳಲ್ಲಿ ಮೂರರಲ್ಲಿ ಒಂದು ಪಾಲು ಇವೇ ಇದ್ದವು.

ಮತ್ತೆ ಸೋತದ್ದು ಯಾಕೆ? 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಅಗ್ಗವಾಗಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಕಷ್ಟವೂ ತಪ್ಪಿತು. ಇವೆರಡನ್ನು ಎಲ್ಲರೂ ಹೇಳುತ್ತಾರೆ. ನನಗೆ ಇನ್ನೊಂದು ಕಾರಣ ಹೆಚ್ಚು ತೂಕದ್ದೆಂದು ಕಾಣುತ್ತದೆ: ಪೇಟೆ ಬಿಟ್ಟರೆ ಕರೆಂಟೇ ಇರಲಿಲ್ಲ. ಪೆಟ್ರೋಲನ್ನು ಡಬ್ಬದಲ್ಲಿ ತುಂಬಿ ಹಳ್ಳಿಯ ಅಂಗಡಿಯಲ್ಲೂ ಮಾರಬಹುದಿತ್ತು. ಕರೆಂಟು ಇದ್ದ ಕಡೆಯೂ ಅದು ಎ.ಸಿ. ಆಗಿದ್ದರೆ ಬ್ಯಾಟರಿಗೆ ಬೇಕಾದ ಡಿ.ಸಿ.ಗೆ ತಿರುಗಿಸಲು ಪಾದರಸದ ರೆಕ್ಟಿಫೈಯರ್ ಬೇಕಿತ್ತು. ಅದು ಎಲ್ಲರ ಮನೆಯಲ್ಲಿ ಇಡುವ ವಸ್ತುವಲ್ಲ. ಇವತ್ತು ದೊಡ್ಡ ಹೊಸ ಉಪಾಯದಂತೆ ಮಾತಾಡುವ ಬ್ಯಾಟರಿ ಬದಲಾವಣೆ ಕೂಡ ಹಳೆಯದೇ. ಅಮೆರಿಕದ ಹಾರ್ಟ್‌ಫರ್ಡಿನ ವಿದ್ಯುತ್ ಕಂಪೆನಿಯೊಂದು 1910ರ ದಶಕದಲ್ಲೇ ಟ್ರಕ್ಕುಗಳಿಗೆ ಆ ಸೇವೆ ಕೊಡುತ್ತಿತ್ತು.

ಇನ್ನೊಂದು ಅಡ್ಡಿ ಶುದ್ಧ ತೂಕದ್ದು. ಸೀಸದ ಬ್ಯಾಟರಿಯಲ್ಲಿ ಒಂದು ಕಿಲೋಗೆ 30ರಿಂದ 40 ವ್ಯಾಟ್-ಅವರ್ ಮಾತ್ರ ಹಿಡಿಯುತ್ತದೆ (ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್). ಇವತ್ತಿನ ಸ್ಕೂಟರಿಗೆ ಬೇಕಾದ 3 ಯೂನಿಟ್ ಕರೆಂಟನ್ನು ಅದರಲ್ಲಿ ತುಂಬಬೇಕಾದರೆ ಸುಮಾರು 85 ಕಿಲೋ ಸೀಸ ಹೊರಬೇಕು; ಲಿಥಿಯಂನಲ್ಲಿ ಅದೇ ಕೆಲಸ 20ರಿಂದ 25 ಕಿಲೋದಲ್ಲಿ ಮುಗಿಯುತ್ತದೆ. ಜನರಲ್ ಮೋಟರ್ಸ್ 1996ರಲ್ಲಿ ತಂದ ಇವಿ1 ಕಾರು ಐನೂರು ಕಿಲೋಗೂ ಮೀರಿದ ಸೀಸದ ಬ್ಯಾಟರಿ ಹೊತ್ತು ಓಡುತ್ತಿತ್ತು. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು ಸೇರಿ 48 ವೋಲ್ಟ್. ಚೇತನ್ ಮೈನಿಯವರ ಆ ಕಾರು ಲಂಡನ್ನಿನಲ್ಲೂ ಮಾರಾಟವಾಯಿತು. 2010ರಲ್ಲಿ ಮಹೀಂದ್ರ ಕಂಪೆನಿ ಅದನ್ನು ವಹಿಸಿಕೊಂಡಿತು. ದಿಕ್ಕು ಬದಲಿಸಿದ್ದು 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್. ಅದೂ ಗಾಡಿಗಾಗಿ ಬಂದದ್ದಲ್ಲ, ಕ್ಯಾಮರಾಗಳಿಗಾಗಿ. ಅದರ ಹಿಂದಿನ ಮೂವರು, ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೊಶಿನೊ, 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು.

ಬಗೆಗಳನ್ನು ಬೇಗ ಮುಗಿಸೋಣ. ಪ್ಲಗ್ಗಿನ ಕರೆಂಟಿನಿಂದಲೇ ಓಡುವುದು ಪೂರ್ತಿ ಬ್ಯಾಟರಿ ಗಾಡಿ. ಪೆಟ್ರೋಲ್ ಎಂಜಿನ್ ಜೊತೆ ಚಿಕ್ಕ ಬ್ಯಾಟರಿ ಇಟ್ಟು, ಬ್ರೇಕಿನ ಶಕ್ತಿಯನ್ನೂ ಎಂಜಿನ್ನಿನ ಮಿಗುತಾಯವನ್ನೂ ಅದಕ್ಕೆ ತುಂಬುವುದು ಹೈಬ್ರಿಡ್. ಅದಕ್ಕೆ ಪ್ಲಗ್ಗೇ ಇಲ್ಲ. ಎರಡೂ ಇದ್ದರೆ ಪ್ಲಗ್-ಇನ್ ಹೈಬ್ರಿಡ್. ಹೈಡ್ರೋಜನ್ನಿನಿಂದ ಗಾಡಿಯೊಳಗೇ ಕರೆಂಟು ಹುಟ್ಟಿಸುವ ಫ್ಯುಯೆಲ್ ಸೆಲ್ ಗಾಡಿ ನಮ್ಮ ಊರಿನ ಲೆಕ್ಕಕ್ಕೆ ಸದ್ಯ ಬರುವುದಿಲ್ಲ. ನೋಂದಣಿ, ಲೈಸೆನ್ಸ್ ಬೇಡವೆಂದು ಮಾರುವ ಸ್ಕೂಟರುಗಳದ್ದು ಬೇರೆಯೇ ಜಾತಿ: 250 ವ್ಯಾಟ್ ಮೀರದ ಮೋಟರು, ಗಂಟೆಗೆ 25 ಕಿಲೋಮೀಟರಿನೊಳಗಿನ ವೇಗ. ಇವುಗಳ ಬಗ್ಗೆ ಒಂದು ಮಾತು ಖಡಾಖಂಡಿತ ಹೇಳಬೇಕು: ಪೇಟೆಯ ಸಮತಟ್ಟಿಗೆ ಸರಿ, ಗುಡ್ಡಕ್ಕೆ ಬೇಡ.

ಯಾಕೆ ಎಂಬುದಕ್ಕೆ ಲೆಕ್ಕ ಇದೆ. ಸ್ಕೂಟರ್ ಮತ್ತು ಇಬ್ಬರು ಸೇರಿ 265 ಕಿಲೋ. ಆರು ಮೀಟರ್ ಹೋದರೆ ಒಂದು ಮೀಟರ್ ಮೇಲೇರುವ ರಸ್ತೆ. ಪೆರ್ಲ, ಬಾಯಾರು, ಮುಳ್ಳೇರಿಯದ ಒಳದಾರಿಗಳಲ್ಲಿ ಇಂಥ ಏರು ಅಪರೂಪವಲ್ಲ. ಅಲ್ಲಿ ಗಾಡಿಯನ್ನು ಹಿಂದಕ್ಕೆಳೆಯುವ ಬಲ ಸುಮಾರು 470 ನ್ಯೂಟನ್. ಗಂಟೆಗೆ 15 ಕಿಲೋಮೀಟರಿನಂತೆ ನಿಧಾನಕ್ಕೆ ಹತ್ತಿದರೂ ಚಕ್ರಕ್ಕೆ 2 ಕಿಲೋವ್ಯಾಟ್ ಸಿಗಬೇಕು. 250 ವ್ಯಾಟಿನ ಮೋಟರು ಅಲ್ಲಿ ಏನು ಮಾಡೀತು? ಚಕ್ರದೊಳಗೇ ಕೂತ ಹಬ್ ಮೋಟರಿಗೆ ಇನ್ನೂ ಒಂದು ಕಷ್ಟ: ಗೇರಿನ ನೆರವಿಲ್ಲದೆ ನಿಧಾನ ತಿರುಗುತ್ತಾ ಪೂರ್ತಿ ಎಳೆತವನ್ನು ತಾನೇ ಕೊಡಬೇಕು. ಅದಕ್ಕೆ ಕರೆಂಟು ಹೆಚ್ಚು ಎಳೆಯುತ್ತದೆ. ಕರೆಂಟು ಎರಡು ಪಟ್ಟಾದರೆ ತಾಮ್ರದ ಸುರುಳಿಯಲ್ಲಿ ಬಿಸಿ ನಾಲ್ಕು ಪಟ್ಟು. ಬಿಸಿ ಮಿತಿ ಮೀರಿದಾಗ ಮೋಟರಿನ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಶಕ್ತಿ ಇಳಿಸುತ್ತದೆ, ಗಾಡಿ ಏರಿನ ನಡುವೆ ನಿಲ್ಲುತ್ತದೆ. ಗಾಡಿ ಕೆಟ್ಟಿತೆಂದು ಬೈಯುವುದು ಇಲ್ಲಿಯೇ. ನಿಜಕ್ಕೂ ಅದು ತನ್ನನ್ನು ಕಾಪಾಡಿಕೊಂಡಿರುತ್ತದೆ. ಚಾಸಿಯ ನಡುವೆ ಮೋಟರಿಟ್ಟು ಬೆಲ್ಟ್ ಅಥವಾ ಗೇರಿನ ಮೂಲಕ ಚಕ್ರ ತಿರುಗಿಸುವ ಗಾಡಿಯೇ ನಮ್ಮ ಕಡೆಗೆ ಹೇಳಿಸಿದ್ದು.

ಏರು ನುಂಗುವ ಚಾರ್ಜಿಗೂ ಒಂದು ಅಂದಾಜು ಇಟ್ಟುಕೊಳ್ಳಿ. 100 ಮೀಟರ್ ಎತ್ತರಕ್ಕೆ ಹತ್ತಲು ಮೇಲಿನ ಸ್ಕೂಟರಿಗೆ ಸುಮಾರು 85 ವ್ಯಾಟ್-ಅವರ್ ಖರ್ಚು. ಅದರಲ್ಲಿ ಸಮರಸ್ತೆಯಲ್ಲಿ 3 ಕಿಲೋಮೀಟರ್ ಹೋಗಬಹುದಿತ್ತು. ಜನ ತುಂಬಿ 700 ಕಿಲೋ ಆದ ರಿಕ್ಷಾಕ್ಕೆ ಸುಮಾರು 225 ವ್ಯಾಟ್-ಅವರ್. ಇಳಿಯುವಾಗ ಮೋಟರೇ ಜನರೇಟರಾಗಿ ಒಂದಿಷ್ಟು ಮರಳಿ ತುಂಬುತ್ತದೆ, ಇದೇ ರೀಜನ್. ಕೊಟ್ಟದ್ದರಲ್ಲಿ ಮೂರನೇ ಒಂದು ಪಾಲು ಬಂದರೆ ಒಳ್ಳೆಯದು ಎಂದುಕೊಳ್ಳಿ.

ಗುಡ್ಡದ ತುದಿಯಲ್ಲಿ ಮನೆ ಇದ್ದವರು ಗಮನಿಸಬೇಕಾದದ್ದು ಇಲ್ಲೇ. ರಾತ್ರಿ 100 ಶೇಕಡಾ ಚಾರ್ಜು ಮಾಡಿ ಬೆಳಿಗ್ಗೆ ಇಳಿಯಲು ಹೊರಟರೆ, ತುಂಬಿದ ಬ್ಯಾಟರಿಗೆ ಇನ್ನು ಜಾಗವಿಲ್ಲ, ರೀಜನ್ ಕೆಲಸ ಮಾಡುವುದಿಲ್ಲ. ನಿನ್ನೆ ಸಂಜೆ ಆ್ಯಕ್ಸಿಲರೇಟರ್ ಬಿಟ್ಟ ಕೂಡಲೇ ಗಾಡಿ ಹಿಡಿದಿತ್ತು, ಇವತ್ತು ಬಿಟ್ಟರೂ ಜಾರಿಕೊಂಡೇ ಹೋಗುತ್ತದೆ. 90 ಶೇಕಡಾಕ್ಕೆ ನಿಲ್ಲಿಸಿದರೆ ಆ ಗಾಬರಿ ತಪ್ಪುತ್ತದೆ. ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಕ್ರೀಟ್ ಇಳಿಜಾರಿನಲ್ಲಿ ಮಾತ್ರ ರೀಜನ್ನನ್ನು ಕಡಿಮೆ ಮಟ್ಟಕ್ಕೆ ಇಳಿಸಿ. ಹಿಂದಿನ ಚಕ್ರವನ್ನಷ್ಟೇ ಹಠಾತ್ತನೆ ಹಿಡಿದರೆ ಅದು ಪಕ್ಕಕ್ಕೆ ಜಾರುತ್ತದೆ.

ಬ್ಯಾಟರಿ ಕೊಳ್ಳುವಾಗ ಎರಡು ಹೆಸರು ಕೇಳುತ್ತೀರಿ. ಎನ್‌ಎಂಸಿ, ಅಂದರೆ ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್: ಸೆಲ್ಲಿಗೆ 3.6ರಿಂದ 3.7 ವೋಲ್ಟ್, ಹಗುರ, ಆದರೆ ಬಿಸಿಗೆ ಬೇಗ ಕೆರಳುತ್ತದೆ. ಎಲ್‌ಎಫ್‌ಪಿ, ಕಬ್ಬಿಣ-ಫಾಸ್ಫೇಟಿನದ್ದು: 3.2 ವೋಲ್ಟ್, ಸ್ವಲ್ಪ ಭಾರ, ಬಾಳಿಕೆ ಹೆಚ್ಚು, ಬೆಂಕಿಯ ಭಯ ಕಡಿಮೆ. ದಿನವಿಡೀ ಬಾಡಿಗೆ ಓಡುವ ರಿಕ್ಷಾಕ್ಕೆ ಎಲ್‌ಎಫ್‌ಪಿ ಮೇಲು ಎಂದೇ ನನ್ನ ಅಭಿಪ್ರಾಯ. ಅದರ ಒಂದು ಕೊರತೆ: ಚಾರ್ಜು ಇಳಿದರೂ ವೋಲ್ಟೇಜ್ ಬಹಳ ಹೊತ್ತು ಹೆಚ್ಚುಕಡಿಮೆ ಒಂದೇ ಇರುತ್ತದೆ, ಹಾಗಾಗಿ ಮೀಟರಿನ ಅಂದಾಜು ನಿಧಾನಕ್ಕೆ ತಪ್ಪುತ್ತದೆ. 20 ಶೇಕಡಾ ತೋರಿಸುತ್ತಿದ್ದ ಗಾಡಿ ತಟ್ಟನೆ ನಿಂತರೆ ಕಾರಣ ಹೆಚ್ಚಾಗಿ ಇದು. ವಾರಕ್ಕೊಮ್ಮೆ 100ರ ತನಕ ತುಂಬಿಸಿ, ಪೂರ್ತಿಯಾದ ಮೇಲೂ ಸ್ವಲ್ಪ ಹೊತ್ತು ಪ್ಲಗ್ಗಿನಲ್ಲೇ ಬಿಟ್ಟರೆ ಬ್ಯಾಟರಿಯನ್ನು ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಬೋರ್ಡು, ಅಂದರೆ ಬಿಎಂಎಸ್, ಸೆಲ್ಲುಗಳನ್ನು ಸಮ ಮಾಡಿ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಎನ್‌ಎಂಸಿಗೆ ಇದು ತದ್ವಿರುದ್ಧ. ದಿನನಿತ್ಯ 20ರಿಂದ 80ರ ನಡುವೆ ಇಟ್ಟರೆ ಆಯುಷ್ಯ ಹೆಚ್ಚು. 2022ರ ಬೇಸಗೆಯ ಸ್ಕೂಟರ್ ಬೆಂಕಿ ಪ್ರಕರಣಗಳ ನಂತರ ಬ್ಯಾಟರಿಯ ಸುರಕ್ಷತೆಯ ಎಐಎಸ್-156 ನಿಯಮ ಬಿಗಿಯಾಯಿತು; ಅದಕ್ಕಿಂತ ಹಿಂದಿನ ಗಾಡಿ ಸೆಕೆಂಡ್‌ಹ್ಯಾಂಡ್ ಸಿಕ್ಕಿದರೆ ಎರಡು ಸಲ ಯೋಚಿಸಿ.

ಇನ್ನು ಪ್ಲಗ್ಗು. ಸ್ಕೂಟರ್ ಚಾರ್ಜರ್ ಹೆಚ್ಚಿನವು ಒಂದು ಕಿಲೋವ್ಯಾಟಿನೊಳಗೆ, ತಲೆಬಿಸಿ ಇಲ್ಲ. ಕಾರಿನ 3.3 ಕಿಲೋವ್ಯಾಟ್ ಚಾರ್ಜರ್ ಹಾಗಲ್ಲ: 230 ವೋಲ್ಟಿನಲ್ಲಿ 14.3 ಆಂಪಿಯರ್, ಅದೂ ಎಂಟು ಹತ್ತು ಗಂಟೆ ಎಡೆಬಿಡದೆ. ಇಸ್ತ್ರಿಪೆಟ್ಟಿಗೆ ಆಗಾಗ ಆಫ್ ಆಗುತ್ತದೆ, ಇದು ಆಗುವುದಿಲ್ಲ. ಲೈನಿನ ಕೊನೆಯ ಮನೆಗಳಲ್ಲಿ, ಆಚೀಚೆ ತೋಟದ ಪಂಪುಗಳೆಲ್ಲ ಓಡುವ ಹೊತ್ತಿಗೆ, ವೋಲ್ಟೇಜ್ 190ಕ್ಕೆ ಇಳಿದರೆ ಕೆಲವು ಚಾರ್ಜರ್ ಕರೆಂಟನ್ನು ಮಿತಿಯಲ್ಲಿಟ್ಟು ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ. ಉಳಿದವು ಅಷ್ಟೇ ಶಕ್ತಿಗಾಗಿ 17.4 ಆಂಪಿಯರ್ ಎಳೆಯುತ್ತವೆ. ವಯರಿನಲ್ಲಿ ಬಿಸಿ ಒಂದೂವರೆ ಪಟ್ಟಾಗುತ್ತದೆ. ಮೊದಲು ಕಪ್ಪಾಗುವುದು ಸಾಕೆಟ್ಟಿನ ಸಡಿಲ ಪಿನ್ನು.

ಮೈನ್ ಬೋರ್ಡಿನಿಂದ ಕೊಟ್ಟಿಗೆಗೆ 40 ಮೀಟರ್ ಇದ್ದು, ಲೈಟಿಗೆಂದು ಎಳೆದ 1.5 ಚದರ ಮಿಲಿಮೀಟರ್ ತಾಮ್ರದ ವಯರಿನಲ್ಲೇ ಕಾರು ಚಾರ್ಜು ಮಾಡಿದರೆ ಸುಮಾರು 14 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಸುಮಾರು 200 ವ್ಯಾಟ್ ವಯರನ್ನೇ ಬಿಸಿ ಮಾಡುತ್ತದೆ. 4 ಚದರ ಮಿಲಿಮೀಟರಿನದ್ದು ಹಾಕಿದರೆ ನಷ್ಟ 75 ವ್ಯಾಟಿಗೆ ಇಳಿಯುತ್ತದೆ. ಬೋರ್ಡಿನಿಂದ ನೇರ, ಬೇರೆ ಯಾವುದಕ್ಕೂ ಕವಲೊಡೆಯದ ಲೈನು. 20 ಆಂಪಿಯರಿನ, 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ರಕ್ಷಣೆಯ ಸ್ವಿಚ್ಚು, ಅಂದರೆ ಆರ್‌ಸಿಬಿಓ. ಒಳ್ಳೆಯ 16 ಆಂಪಿಯರ್ ಸಾಕೆಟ್. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ. ಮನೆಯ ಇನ್ವರ್ಟರಿನಿಂದ ಚಾರ್ಜು ಮಾಡುವುದೂ ಬೇಡ.

ಚಾರ್ಜರಿನಲ್ಲಿ ಕೆಂಪು ದೀಪ ಬಂದು ಚಾರ್ಜು ಶುರುವೇ ಆಗದಿದ್ದರೆ ಹೆಚ್ಚಿನ ಸಲ ತಪ್ಪು ಅರ್ತಿಂಗಿನದ್ದು. ನಮ್ಮ ಮುರಕಲ್ಲಿನ ನೆಲ ಮಾರ್ಚ್ ಬಂತೆಂದರೆ ಒಣಗಿ ಕರೆಂಟನ್ನು ಒಳಗೆ ಬಿಡುವುದಿಲ್ಲ; ಜುಲೈಯಲ್ಲಿ ಸರಿ ಇದ್ದದ್ದು ಏಪ್ರಿಲಿನಲ್ಲಿ ಕೈಕೊಡುತ್ತದೆ. ಚಾರ್ಜು ನಡೆಯುತ್ತಿರುವಾಗ ನ್ಯೂಟ್ರಲ್ ಮತ್ತು ಅರ್ತ್ ನಡುವೆ ವಯರಿಂಗಿನವರಿಂದ ಅಳೆಯಿಸಿ. ಎರಡು ಮೂರು ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ, ಹತ್ತು ದಾಟಿದರೆ ಅರ್ತ್ ಗುಂಡಿ ನೋಡಲೇಬೇಕು. ಬೇಸಗೆಯಲ್ಲಿ ಗುಂಡಿಗೆ ನೀರು ಹಾಕುವ ಹಳೆಯ ಕ್ರಮ ಬಿಟ್ಟುಹೋದದ್ದೇ ಅನೇಕ ಕಡೆ ಕಾರಣ.

ಬಿಲ್ಲಿನ ವಿಷಯ. ಕೇರಳದಲ್ಲಿ ಮನೆ ಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ, ಆರಂಭದ ಯೂನಿಟ್ಟುಗಳ ಅಗ್ಗದ ದರ ಹೋಗಿ ಬಳಸಿದ ಅಷ್ಟಕ್ಕೂ ಒಂದೇ ಮೇಲಿನ ದರ ಬೀಳುತ್ತದೆ. ಎರಡು ತಿಂಗಳ ಬಿಲ್ಲಿನಲ್ಲಿ ಆ ಗೆರೆ 500. ತಿಂಗಳಿಗೆ 1000 ಕಿಲೋಮೀಟರ್ ಓಡುವ ಕಾರು ಚಾರ್ಜರಿನ ನಷ್ಟ ಸೇರಿ 160 ಯೂನಿಟ್ ಹತ್ತಿರ ತಿನ್ನುತ್ತದೆ, ಮನೆಯ ಈಗಿನ ಬಳಕೆಗೆ ಅದನ್ನು ಕೂಡಿಸಿ ನೋಡಿ. ಸಂಜೆ 6ರಿಂದ ರಾತ್ರಿ 10ರ ತನಕ ಲೈನಿನ ಮೇಲೆ ಹೊರೆ ಹೆಚ್ಚು, ಆ ಹೊತ್ತು ಬಿಟ್ಟು ಹಾಕಿ. ರಸ್ತೆ ಬದಿಯ ಕಂಬಗಳಲ್ಲಿ ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿ ಇಟ್ಟಿರುವ ಚಾರ್ಜಿಂಗ್ ಪಾಯಿಂಟುಗಳು ರಿಕ್ಷಾ, ಸ್ಕೂಟರುಗಳಿಗಾಗಿ. ಹಣ ಕೊಡುವುದು ಆ್ಯಪಿನಲ್ಲಿ. ಕಾರಿನವರಿಗೆ ವೇಗದ ಡಿ.ಸಿ. ಚಾರ್ಜು ಬೇಕಿದ್ದರೆ ಸಿಸಿಎಸ್2 ಪಿನ್ನಿನ ಸ್ಟೇಶನ್ ಹುಡುಕಬೇಕು.

ಮಳೆಗೆ ಹೆದರಬೇಕಾದದ್ದು ಕಡಿಮೆ, ತೋಡಿಗೆ ಹೆದರಬೇಕು. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ಒಳಗೆ ನೀರು ಹೋಗದು ಎಂಬ ಪರೀಕ್ಷೆ. ಅದು ಹೊಸ ಸೀಲಿನ ಮಾತು. ಏರು ಹತ್ತಿ ಬಿಸಿಯಾದ ಬ್ಯಾಟರಿ ಪೆಟ್ಟಿಗೆ ಉಕ್ಕಿ ಹರಿಯುವ ತೋಡಿನ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಹಳೆಯ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಕಡಲ ಬದಿಯವರಿಗೆ ಉಪ್ಪುಗಾಳಿಯ ಕಾಟ ಬೇರೆ: ಚಾರ್ಜಿಂಗ್ ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಆಗಲೇ ಶುಚಿ ಮಾಡಿಸಿ. ತುಲಾ ತಿಂಗಳಿನ ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿಗೆ ಸ್ವಿಚ್ಚಿನ ಸಂದಿ ಲೆಕ್ಕಕ್ಕಿಲ್ಲ.

ಗಲ್ಫಿಗೆ ಹೋಗುವವರು ಗಾಡಿಯನ್ನು 50ರಿಂದ 60 ಶೇಕಡಾ ಚಾರ್ಜಿನಲ್ಲಿ ನಿಲ್ಲಿಸಿ, ತಿಂಗಳಿಗೊಮ್ಮೆ ನೋಡಲು ಮನೆಯವರಿಗೆ ಹೇಳಿಹೋಗಿ. ಖಾಲಿ ಬಿಟ್ಟರೆ ಬಿಎಂಎಸ್ ತಾನೇ ಹನಿಹನಿಯಾಗಿ ಹೀರಿ ಸೆಲ್ಲುಗಳನ್ನು ಮತ್ತೆ ಏಳದ ಮಟ್ಟಕ್ಕೆ ತರುತ್ತದೆ. ಕಾರಿನಲ್ಲಿ ಅದಕ್ಕೂ ಮೊದಲು ಸಾಯುವುದು 12 ವೋಲ್ಟಿನ ಚಿಕ್ಕ ಬ್ಯಾಟರಿ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರವಾಗುವುದಿಲ್ಲ. ಅಡಿಕೆ ಚೀಲದ ಪಕ್ಕ ನಿಲ್ಲಿಸಿದರೆ ಇಲಿ ವಯರ್ ಕಡಿಯುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಕಡಿದಿದ್ದರೆ ಟೇಪ್ ಸುತ್ತಲು ಹೋಗಬೇಡಿ, ಅದರಲ್ಲಿ ನೂರಾರು ವೋಲ್ಟ್ ಡಿ.ಸಿ. ಇರುತ್ತದೆ.

ಮಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಗಾಡಿ ನೋಡುವವರಿಗೆ ಎರಡು ಮಾತು. ಕೆಎ ನಂಬರಿನ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕೇರಳದಲ್ಲಿ ಇಟ್ಟುಕೊಂಡರೆ ಕಾಸರಗೋಡಿನ ಕೆಎಲ್-14 ನಂಬರಿಗೆ ಬದಲಿಸಲೇಬೇಕು. ಆ ಖರ್ಚನ್ನು ಬೆಲೆಯಲ್ಲೇ ಹಿಡಿಯಿರಿ. ಬ್ಯಾಟರಿಯ ಸ್ಥಿತಿ ತಿಳಿಯಲು ಮಾಲಕನ ಮಾತು ಬೇಡ, ಪ್ಲಗ್ಗಿಗೆ ಹಾಕುವ ಚಿಕ್ಕ ಯೂನಿಟ್ ಮೀಟರ್ ಸಾಕು. 10 ಶೇಕಡಾದಿಂದ 100ರ ತನಕ ತುಂಬಿಸಿ, ಮೀಟರ್ ತೋರಿಸಿದ ಯೂನಿಟ್ಟನ್ನು 0.87ರಿಂದ ಗುಣಿಸಿ, 0.9ರಿಂದ ಭಾಗಿಸಿ. 3 ಯೂನಿಟ್ಟಿನ ಬ್ಯಾಟರಿ ಎಂದು ಹೇಳಿದ ಸ್ಕೂಟರಿನಲ್ಲಿ ಉತ್ತರ 2.2 ಬಂದರೆ, ಕಾಲು ಪಾಲಿಗಿಂತ ಹೆಚ್ಚು ಸವೆದುಹೋಗಿದೆ ಎಂದೇ ಲೆಕ್ಕ. ಚೌಕಾಸಿಯನ್ನು ಅಲ್ಲಿಂದ ಶುರುಮಾಡಿ.