ಮೂರು ಪವರ್ ಆಂಪ್, ಒಂದು ಮಲ್ಟಿಮೀಟರ್

ಹೋದ ತಿಂಗಳು ಪೂರ್ತಿ ನನ್ನ ಕೋಣೆಯಲ್ಲಿ ಮೂರು ಪವರ್ ಆಂಪ್‌ಗಳಿದ್ದವು. ಆಂಪ್ ಅಂದರೆ ಹಾಡಿನ ಸಿಗ್ನಲ್ಲನ್ನು ಸ್ಪೀಕರ್ ನುಡಿಸುವಷ್ಟು ದೊಡ್ಡದು ಮಾಡುವ ಪೆಟ್ಟಿಗೆ, ಕ್ಲಾಸ್ ಅಂದರೆ ಅದರೊಳಗಿನ ಸರ್ಕ್ಯೂಟಿನ ಬಗೆ. ಒಂದು ಕ್ಲಾಸ್ ಎ, 4 ಓಮ್ ಸ್ಪೀಕರಿಗೆ 30 ವಾಟ್. ಇನ್ನೊಂದು ಕ್ಲಾಸ್ ಎಬಿ, 150 ವಾಟ್, ಎತ್ತಲು ಇಬ್ಬರು ಬೇಕು. ಮೂರನೆಯದು ಕ್ಲಾಸ್ ಡಿ, 200 ವಾಟ್, ಒಂದೇ ಕೈಯಲ್ಲಿ ಎತ್ತಬಹುದು. ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ಗೆಳೆಯರಿಗೆ ವಾಪಸ್ ಕೊಡಬೇಕಿತ್ತು.

ಮೊದಲ ದಿನವೇ ಎಬಿ ಗೆದ್ದುಬಿಟ್ಟಿತು. ಗಾಯಕಿ ಎರಡು ಹೆಜ್ಜೆ ಮುಂದೆ ಬಂದು ಹಾಡಿದ ಹಾಗೆ ಕೇಳಿಸಿತು. ಎರಡು ದಿನ ಅದೇ ಗುಂಗು. ಆಮೇಲೆ ಮೂರರ ವಿವರಗಳನ್ನೂ ತೆಗೆದು ನೋಡಿದರೆ, ಎಬಿಯ ಗೇನ್ (ಸಿಗ್ನಲ್ಲನ್ನು ಎಷ್ಟು ದೊಡ್ಡದು ಮಾಡುತ್ತದೆ ಅನ್ನುವ ಅಳತೆ) 29 ಡೆಸಿಬಲ್, ಉಳಿದೆರಡರದ್ದು 26. ಅಂದರೆ ವಾಲ್ಯೂಮ್ ಅದೇ ಜಾಗದಲ್ಲಿದ್ದರೂ ಎಬಿಯಿಂದ ಸ್ಪೀಕರಿಗೆ ಎರಡು ಪಟ್ಟು ಪವರ್ ಹೋಗುತ್ತಿತ್ತು. ಸ್ವಲ್ಪವೇ ಜೋರಾಗಿರುವುದು ನಮ್ಮ ಕಿವಿಗೆ ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ.

ಹಾಗಾಗಿ ಮಲ್ಟಿಮೀಟರ್ ತೆಗೆದೆ. 400 ಹರ್ಟ್ಜ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟೇಜ್ ಅಳೆದು, ಮೂರಕ್ಕೂ ಒಂದೇ ವೋಲ್ಟೇಜ್ ಬರುವ ಹಾಗೆ ವಾಲ್ಯೂಮ್ ಗುರುತು ಮಾಡಿಕೊಂಡೆ. ವ್ಯತ್ಯಾಸ ಶೇಕಡಾ 1ರಷ್ಟಿದ್ದರೆ ಅದು ಸುಮಾರು 0.1 ಡೆಸಿಬಲ್, ಅಷ್ಟು ಸಾಕು. ಅಳೆಯುವಾಗ ಎರಡು ಟರ್ಮಿನಲ್ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ಶಾರ್ಟ್ ಆದರೆ ಆಂಪ್ ಹೋಗಬಹುದು.

ಇನ್ನು ವಾಟ್ ಲೆಕ್ಕ. ಇಲ್ಲಿ ಮೊದಲು ನೋಡಬೇಕಾದ್ದು ಆಂಪ್ ಅಲ್ಲ, ಸ್ಪೀಕರ್. ನನ್ನದರ ಸೆನ್ಸಿಟಿವಿಟಿ, ಅಂದರೆ 1 ಮೀಟರ್ ದೂರದಲ್ಲಿ ಸಿಗುವ ಸದ್ದು, 86 ಡೆಸಿಬಲ್ ಅಂತ ಬರೆದಿದೆ, ಆದರೆ ಅದು 2.83 ವೋಲ್ಟಿಗೆ. 8 ಓಮ್ ಸ್ಪೀಕರಾದರೆ ಅದು 1 ವಾಟ್, ನನ್ನದು 4 ಓಮ್, ಹಾಗಾಗಿ 2 ವಾಟ್. ಅಂದರೆ 1 ವಾಟಿಗೆ ನನಗೆ ಸಿಗುವುದು 83 ಮಾತ್ರ. ನಾನು ಕೂರುವುದು 3 ಮೀಟರ್ ದೂರದಲ್ಲಿ, ಅಲ್ಲಿಗೆ ಬರುವಷ್ಟರಲ್ಲಿ ಸುಮಾರು 7 ಕಡಿಮೆಯಾಗುತ್ತದೆ, ಎರಡು ಸ್ಪೀಕರ್ ಇರುವುದರಿಂದ 3 ಸೇರುತ್ತದೆ, ಕೊನೆಗೆ ಉಳಿಯುವುದು 79. ನಾನು ಸಾಮಾನ್ಯವಾಗಿ ಕೇಳುವುದು 75ರಲ್ಲಿ. ಅದಕ್ಕೆ ಅರ್ಧ ವಾಟೂ ಬೇಡ! ಆದರೆ ಡ್ರಮ್ಮಿನ ಒಂದು ಏಟು ಸರಾಸರಿಗಿಂತ 20 ಡೆಸಿಬಲ್ ಮೇಲೆ ಹಾರಬಹುದು, ಆ ಒಂದು ಕ್ಷಣಕ್ಕೆ 40 ವಾಟ್ ಬೇಕು. ಖುಷಿಯಲ್ಲಿ ಇನ್ನು 5 ಡೆಸಿಬಲ್ ಏರಿಸಿದೆ ಅಂತಿಟ್ಟುಕೊಳ್ಳಿ, 125 ವಾಟ್.

ಕ್ಲಾಸ್ ಎ ಅಲ್ಲಿಗೆ ಮುಗಿಯಿತು. ಬೇಸರವಾಯಿತು, ರಾತ್ರಿ ಮೆಲ್ಲಗೆ ಕೇಳುವಾಗ ಅದು ತುಂಬಾ ಹಿತವಾಗಿತ್ತು. ಆದರೆ ಜೋರು ಮಾಡಿದರೆ ಕ್ಲಿಪ್ ಆಗುತ್ತದೆ, ಅಂದರೆ ಪವರ್ ಸಾಲದೆ ಸದ್ದು ಒಡೆಯುತ್ತದೆ, ಜೊತೆಗೆ ಹಾಡು ನಿಂತಿದ್ದರೂ ಅದು ಕರೆಂಟ್ ಎಳೆಯುತ್ತಾ ಕೋಣೆಯನ್ನು ಬಿಸಿ ಮಾಡುತ್ತಲೇ ಇರುತ್ತದೆ.

ಉಳಿದದ್ದು ಎಬಿ ಮತ್ತು ಡಿ. ಹಳೆಯ ಕ್ಲಾಸ್ ಡಿ ಆಂಪ್‌ಗಳ ಸದ್ದು ಸರಿಯಿಲ್ಲ ಅನ್ನುವ ದೂರಿಗೆ ಕಾರಣವಿತ್ತು: ಹಲವದರಲ್ಲಿ ಔಟ್‌ಪುಟ್ ಫಿಲ್ಟರ್ (ಸ್ಪೀಕರಿಗೆ ಹೋಗುವ ಮೊದಲು ಬೇಡದ ಗದ್ದಲ ಸೋಸುವ ಭಾಗ) ಫೀಡ್‌ಬ್ಯಾಕಿನ (ಹೊರಬರುವ ಸಿಗ್ನಲ್ ನೋಡಿ ಆಂಪ್ ತನ್ನ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ) ಹೊರಗಿರುತ್ತಿತ್ತು, ಹಾಗಾಗಿ ಸ್ಪೀಕರ್ ಬದಲಾದರೆ ಮೇಲಿನ ಸ್ವರಗಳೂ ಬದಲಾಗುತ್ತಿದ್ದವು. ಹೈಪೆಕ್ಸ್ ಕಂಪನಿಯ ಎನ್‌ಕೋರ್‌ನಂಥ ಹೊಸ ವಿನ್ಯಾಸಗಳಲ್ಲಿ ಫೀಡ್‌ಬ್ಯಾಕನ್ನು ಫಿಲ್ಟರಿನ ಆಚೆಯಿಂದಲೇ ತೆಗೆದುಕೊಳ್ಳುತ್ತಾರೆ, ಆ ತೊಂದರೆ ಇಲ್ಲ. ಅಂದಹಾಗೆ ಡಿ ಅಂದರೆ ಡಿಜಿಟಲ್ ಅಲ್ಲ, ಸಿ ಆದಮೇಲಿನ ಅಕ್ಷರ, ಅಷ್ಟೇ.

ತಂಗಿಗೆ ವೈರ್ ಬದಲಿಸಲು ಹೇಳಿ, ಆಂಪ್‌ಗಳ ಮುಂದೆ ರಟ್ಟು ನಿಲ್ಲಿಸಿ, ಪ್ರತಿ ಸಲವೂ ನಾನು ಹೊರಗೆ ಹೋಗಿ ಬಂದೆ. ಹಾಡುತ್ತಿರುವುದು ಎಬಿಯೋ ಡಿಯೋ ಅಂತ 16 ಸಲದಲ್ಲಿ 9 ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು, ಅಲ್ವಾ?

ಕೊನೆಗೆ ತೀರ್ಮಾನವಾದದ್ದು ಹಾಡಿಲ್ಲದ ಹೊತ್ತಿನಲ್ಲಿ. ನಡುರಾತ್ರಿ, ಫ್ಯಾನ್ ಕೂಡ ಆಫ್, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ಎಬಿಯ ಟ್ರಾನ್ಸ್‌ಫಾರ್ಮರ್ ಸಣ್ಣಗೆ ಗುಂಯ್ ಅನ್ನುವುದು ನಾನು ಕೂತಲ್ಲಿಗೇ ಕೇಳಿಸಿತು. ಸ್ಪೀಕರಿನಿಂದಲ್ಲ, ಪೆಟ್ಟಿಗೆಯೊಳಗಿಂದಲೇ. ಒಮ್ಮೆ ಕೇಳಿಸಿದ ಮೇಲೆ ಅದನ್ನು ಮರೆಯಲು ಆಗಲೇ ಇಲ್ಲ. ಮರುದಿನ ಬೆಳಗ್ಗೆ ಇಬ್ಬರು ಸೇರಿ ಅದನ್ನು ಗೆಳೆಯನ ಕಾರಿಗೆ ಹೊತ್ತು ಹಾಕಿದೆವು. ಡಿ ನನ್ನ ಹತ್ತಿರ ಉಳಿಯಿತು.