ಪುಟಾಣಿ ಇಂಜಿನ್ ಎರಡನೇ ನಿಯಮವನ್ನು ಮುರಿಯುತ್ತಾ?

ನಾನು ಓದುವ ವಿಷಯ ಯಾವುದೆಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: "ಕಣ್ಣಿಗೆ ಕಾಣದ ಇಂಜಿನ್‌ಗಳು ಒಮ್ಮೊಮ್ಮೆ ಉಲ್ಟಾ ಓಡುತ್ತವಂತೆ. ಹಾಗಾದರೆ ಥರ್ಮೋಡೈನಮಿಕ್ಸ್‌ನ ಎರಡನೇ ನಿಯಮ ಸುಳ್ಳಾ?"

ಉಲ್ಟಾ ಓಡುವುದು ನಿಜ. ನಿಯಮಕ್ಕೆ ಮಾತ್ರ ಏನೂ ಆಗಿಲ್ಲ. ಒಟ್ಟು ಎಂಟ್ರೊಪಿ, ಅಂದರೆ ಅವ್ಯವಸ್ಥೆಯ ಅಳತೆ, ತಾನಾಗಿ ಕಡಿಮೆಯಾಗದು ಎನ್ನುವುದೇ ಆ ನಿಯಮ.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ವಿಜ್ಞಾನಿಗಳಾದ ಬ್ಲಿಕ್ಲೆ ಮತ್ತು ಬೆಕಿಂಗರ್ ಕಟ್ಟಿದ ಇಂಜಿನ್ ನೋಡಿ, ಅದರ ಪ್ರಬಂಧ 2012ರಲ್ಲಿ ಅಚ್ಚಾಯಿತು. ನೀರಿನಲ್ಲಿ ಸುಮಾರು 3 ಮೈಕ್ರೋಮೀಟರ್‌ನ ಒಂದು ಪ್ಲಾಸ್ಟಿಕ್ ಮಣಿ. ಅದನ್ನು ಹಿಡಿದಿಟ್ಟಿರುವುದು ಲೇಸರ್ ಬೆಳಕು. ಸಿಲಿಂಡರ್, ಪಿಸ್ಟನ್ ಎಲ್ಲವೂ ಆ ಬೆಳಕೇ. ನೀರು ತಣ್ಣಗಿದ್ದಾಗ ಹಿಡಿತ ಬಿಗಿ ಮಾಡುತ್ತಾರೆ, ಬಿಸಿಯಾದಾಗ ಸಡಿಲಿಸುತ್ತಾರೆ. ಬಿಸಿಯಲ್ಲಿ ಮಣಿ ಜಾಸ್ತಿ ಕುಣಿಯುವುದರಿಂದ, ಬಿಗಿ ಮಾಡಲು ಕೊಟ್ಟದ್ದಕ್ಕಿಂತ ಸಡಿಲಿಸುವಾಗ ಹೆಚ್ಚು ಕೆಲಸ ವಾಪಸ್ ಸಿಗುತ್ತದೆ. ಅಷ್ಟೇ ಇಂಜಿನ್.

ಆದರೆ ಮಣಿ ನಮ್ಮ ಮಾತು ಕೇಳುವುದಿಲ್ಲ, ಅಲ್ವಾ? ನೀರಿನ ಅಣುಗಳು ಅದನ್ನು ಸುಮ್ನೆ ಇರಲು ಬಿಡುವುದಿಲ್ಲ. ಹಿಡಿತ ಬಿಗಿಯಾಗುವ ಹೊತ್ತಿಗೆ ಅದು ನಡುವೆ ಇದ್ದರೆ ಖರ್ಚು ಕಡಿಮೆ, ಅಂಚಿನಲ್ಲಿದ್ದರೆ ಜಾಸ್ತಿ. ಹಾಗಾಗಿ ಒಂದು ಸುತ್ತಿನಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ, ಅಂದರೆ ಉಲ್ಟಾ ಓಟ. ನಿಯಮ ಹೇಳುವುದು ಸರಾಸರಿಯ ಮಾತು.

2002ರ ಒಂದು ಪ್ರಸಿದ್ಧ ಪ್ರಬಂಧದ ಶೀರ್ಷಿಕೆಯಲ್ಲೇ "ಉಲ್ಲಂಘನೆ" ಎಂಬ ಪದವಿತ್ತು. ಗೊಂದಲಕ್ಕೆ ಅದೂ ಒಂದು ಕಾರಣ ಅಂತ ನನ್ನ ಗುಮಾನಿ. ಉಲ್ಟಾ ನಡೆಗೂ ಲೆಕ್ಕ ಇದೆ. ಒಂದೇ ಸಮನೆ ನಡೆಯುವ ವ್ಯವಸ್ಥೆಯಲ್ಲಿ ಎಂಟ್ರೊಪಿಯನ್ನು ಬೋಲ್ಟ್ಸ್‌ಮನ್ ಸ್ಥಿರಾಂಕದಲ್ಲಿ (ಅಣುಗಳ ಮಟ್ಟದ ಪುಟ್ಟ ಅಳತೆಗೋಲು) ಅಳೆಯಿರಿ. 1 ಏರುವುದು, 1 ಇಳಿಯುವುದಕ್ಕಿಂತ ಸುಮಾರು 2.7 ಪಟ್ಟು ಸಾಮಾನ್ಯ. 5 ಆದರೆ 148 ಪಟ್ಟು. 20 ಆದರೆ 48 ಕೋಟಿ ಪಟ್ಟು! ಕೋಣೆಯ ಉಷ್ಣತೆಯಲ್ಲಿ ಬರೀ 1 ಜೂಲ್ ಶಾಖ ಸೋರಿದರೂ ಈ ಸಂಖ್ಯೆ 20 ಅಲ್ಲ, 1ರ ಮುಂದೆ 20 ಸೊನ್ನೆ ಹಾಕಿದ್ದಕ್ಕಿಂತ ದೊಡ್ಡದು. ಕಾರಿನ ಇಂಜಿನ್ ಹೊಗೆ ಕುಡಿದು ಪೆಟ್ರೋಲ್ ಉಗುಳದೇ ಇರುವುದು ಅದಕ್ಕೇ.

ಇಲ್ಲಿಗೆ ಬಂದಾಗ ಜಾಣರು ಇನ್ನೊಂದು ಪ್ರಶ್ನೆ ಎಸೆಯುತ್ತಾರೆ: "ಮಣಿ ನಡುವೆ ಬಂದಾಗ ಮಾತ್ರ ಹಿಡಿತ ಬಿಗಿ ಮಾಡಿದರೆ?" ಮಾಡಬಹುದು. ಆದರೆ ಅದಕ್ಕೆ ಮಣಿಯನ್ನು ನೋಡುತ್ತಾ ಇರಬೇಕು, ನೋಡಿದ್ದನ್ನು ಎಲ್ಲಾದರೂ ಬರೆದಿಡಬೇಕು. ಮುಂದಿನ ಸುತ್ತಿಗೆ ಜಾಗ ಬೇಕಲ್ಲ, ಬರೆದದ್ದನ್ನು ಅಳಿಸಲೂಬೇಕು. ಒಂದು ಬಿಟ್ (ಹೌದು-ಇಲ್ಲ ಎಂಬಷ್ಟು ಮಾಹಿತಿ) ಅಳಿಸಲು ಕನಿಷ್ಠ ಎಷ್ಟು ಶಾಖ ಚೆಲ್ಲಬೇಕೆಂದು ಭೌತವಿಜ್ಞಾನಿ ಲ್ಯಾಂಡಾವರ್ 1961ರಲ್ಲೇ ಲೆಕ್ಕ ಹಾಕಿದ್ದರು. ಆ ಖರ್ಚನ್ನೂ ಸೇರಿಸಿದರೆ ನಿಯಮ ಮುರಿಯುವುದಿಲ್ಲ. 2012ರಲ್ಲಿ ಅದನ್ನು ಅಳೆದೂ ತೋರಿಸಿದರು, ಲೇಸರ್ ಹಿಡಿತದಲ್ಲಿದ್ದ ಇಂಥದ್ದೇ ಒಂದು ಮಣಿಯಿಂದ.